ತಗಡು ಸುಳ್ಳು ಹೇಳಲ್ಲ

ದೀಪಾವಳಿಗೆ ಊರಿಗೆ ಹೋದರೆ ಎರಡು ಸಂಗತಿ ಗ್ಯಾರಂಟಿ. ಎಣ್ಣೆ ಸ್ನಾನಕ್ಕೆ ತಾಮ್ರದ ಹಂಡೆ ತುಂಬ ಬಿಸಿನೀರು, ಮತ್ತು ಫ್ಯಾಮಿಲಿ ಗ್ರೂಪಿನಲ್ಲಿ ‘ವೈಮಾನಿಕ ಶಾಸ್ತ್ರ’ದ ವಿಮಾನಗಳ ಚಿತ್ರ. ಹಂಡೆ ಹೊಸನಗರದ ನಮ್ಮ ಮನೆಯದು, ಅಜ್ಜನ ಕಾಲದ್ದು. ಚಿತ್ರ ಯಾರು ಬರೆದದ್ದು, ಯಾವಾಗ ಬರೆದದ್ದು ಅಂತ ಕಳಿಸಿದವರು ಯಾರೂ ಕೇಳಿಕೊಂಡಿರಲ್ಲ. ಕೆಳಗಿನ ಒಕ್ಕಣೆ ಮಾತ್ರ ಬದಲಾಗಲ್ಲ: ರೈಟ್ ಸಹೋದರರಿಗಿಂತ ಸಾವಿರಾರು ವರ್ಷ ಮೊದಲೇ ನಮ್ಮಲ್ಲಿ ಇದೆಲ್ಲ ಇತ್ತು, ಹೆಮ್ಮೆ ಇದ್ದರೆ ಹತ್ತು ಜನಕ್ಕೆ ಕಳಿಸಿ.

ಹೋದ ಸಲ ಆ ಚಿತ್ರ ನನ್ನ ಜೊತೆ ಸಾಗರದ ಒಂದು ಟಿಂಕರಿಂಗ್ ಶಾಪಿಗೂ ಬಂತು. ನಮ್ಮ ಹಳೇ ಓಮ್ನಿಯ ಬಾಗಿಲು ಗೇಟಿಗೆ ತಾಗಿ ನುಗ್ಗಾಗಿತ್ತು. ಶಾಪಿನ ಆಚಾರ್ರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಒಳಗಿಂದ ಡಾಲಿ ಹಿಡಿದು ಹೊರಗಿಂದ ಸುತ್ತಿಗೆಯಲ್ಲಿ ಟಪ ಟಪ ಅಂತ ಬಡಿಯುತ್ತ ಬಾಗಿಲು ಸರಿ ಮಾಡುತ್ತಿದ್ದರು. ಹೊತ್ತು ಹೋಗಲಿ ಅಂತ ನಾನು ಮೊಬೈಲ್ ತೋರಿಸಿದೆ. ರುಕ್ಮ ವಿಮಾನ. ಗೋಪುರದ ಹಾಗೆ ಅಂತಸ್ತು ಅಂತಸ್ತಾಗಿ ಮೇಲೇರುವ ಆಕಾರ.

ಆಚಾರ್ರು ಕನ್ನಡಕ ಏರಿಸಿ, ಚಿತ್ರವನ್ನು ಬೆರಳಲ್ಲಿ ಎಳೆದು ದೊಡ್ಡದು ಮಾಡಿ, ಆ ಕಡೆ ಈ ಕಡೆ ಸರಿಸಿ ನೋಡಿದರು. ಆಮೇಲೆ ಕೇಳಿದರು, “ಚಂದ ಇದ್ಯಪ್ಪ. ಜಾಯಿಂಟ್ ಎಲ್ಲಿ ಕೊಟ್ಟಿದಾರೆ?”

ಈ ಪುಸ್ತಕದ ಬಗ್ಗೆ ನಾನು ಕೇಳಿದ ಅತ್ಯಂತ ಚಿಕ್ಕ ವಿಮರ್ಶೆ ಇದು. ಒಳ್ಳೆಯದೂ ಹೌದು. ಯಾಕೆ ಅಂತ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಪುಸ್ತಕದ ಜಾತಕ. ‘ವೈಮಾನಿಕ ಶಾಸ್ತ್ರ’ ಭರದ್ವಾಜ ಮಹರ್ಷಿಯ ಹೆಸರಲ್ಲಿ ಓಡಾಡುತ್ತೆ. ಆದರೆ ಅದು ಕಾಗದದ ಮೇಲೆ ಬಂದದ್ದು 1918ರಿಂದ 1923ರ ನಡುವೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳುತ್ತ ಹೋದರು, ವೆಂಕಟಾಚಲ ಶರ್ಮ ಅನ್ನುವವರು ಬರೆದುಕೊಂಡರು. ನೀವು ನೋಡುವ ಆ ಪ್ರಸಿದ್ಧ ಚಿತ್ರಗಳನ್ನು ರಚಿಸಿದ್ದು ಎಲ್ಲಪ್ಪ ಎಂಬ ಡ್ರಾಫ್ಟ್ಸ್‌ಮನ್, ಅದೂ ಬೆಂಗಳೂರಲ್ಲಿ, ಇಪ್ಪತ್ತನೇ ಶತಮಾನದಲ್ಲಿ. 1973ರಲ್ಲಿ ಮೈಸೂರಿನ ಜಿ.ಆರ್. ಜೋಸ್ಯರ್ ಇಂಗ್ಲಿಷ್ ಅನುವಾದದ ಜೊತೆ ಪ್ರಕಟಿಸಿದ ಮೇಲೆ ಪುಸ್ತಕ ಜಗತ್ತು ಸುತ್ತಿತು. ಅಂದ್ರೆ ನೋಡಿ, ಹೇಳಿದ್ದು, ಬರೆದದ್ದು, ಚಿತ್ರ ಬಿಡಿಸಿದ್ದು, ಅಚ್ಚು ಹಾಕಿದ್ದು ಎಲ್ಲವೂ ನಮ್ಮ ಕರ್ನಾಟಕದಲ್ಲೇ. ಬೈದರೂ ಹೊಗಳಿದರೂ ಇದು ನಮ್ಮ ಮನೆಯ ಕೂಸು.

ಇದನ್ನು ಗಂಭೀರವಾಗಿ ಓದಿದವರೂ ನಮ್ಮವರೇ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು, ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್.ಪಿ. ಗೋವಿಂದರಾಜು, ಪುಸ್ತಕವನ್ನು ಭಾಷೆಯ ಕಡೆಯಿಂದಲೂ ವಾಯುಯಾನ ವಿಜ್ಞಾನದ ಕಡೆಯಿಂದಲೂ ಪರೀಕ್ಷಿಸಿ ಲೇಖನ ಬರೆದರು. ಅವರ ತೀರ್ಮಾನ: ಪಠ್ಯ 1904ಕ್ಕಿಂತ ಹಿಂದಿನದಲ್ಲ. ಶಕುನ, ಸುಂದರ, ರುಕ್ಮ, ತ್ರಿಪುರ, ಈ ನಾಲ್ಕರಲ್ಲಿ ಯಾವುದೂ ಹಾರುವಂಥದ್ದಲ್ಲ. ನನಗೆ ಈ ಲೇಖನ ಇಷ್ಟ. ಅವರು ಗೇಲಿ ಮಾಡಿ ಕೈತೊಳೆದುಕೊಳ್ಳಲಿಲ್ಲ. ಕೂತು ಓದಿದರು, ಲೆಕ್ಕ ಹಾಕಿದರು, ಆಮೇಲೆ ಇಲ್ಲ ಅಂದರು. ಒಂದು ಪುಸ್ತಕಕ್ಕೆ ಕೊಡಬಹುದಾದ ದೊಡ್ಡ ಗೌರವ ಅದೇ.

ಆದರೂ ಐವತ್ತು ವರ್ಷದ ನಂತರ ನಮ್ಮ ಗ್ರೂಪಿಗೆ ಬರೋದು ಚಿತ್ರ, ಲೇಖನ ಅಲ್ಲ. ಲಿಫ್ಟ್, ಡ್ರ್ಯಾಗ್, ಥ್ರಸ್ಟ್ ಅಂದ ಕೂಡಲೇ ನಮ್ಮ ದೊಡ್ಡಪ್ಪ ಎದ್ದು ಅಡಿಕೆ ಒಣಗಿದ್ಯಾ ನೋಡಕ್ಕೆ ಹೋಗ್ತಾರೆ. ಆಚಾರ್ರ ಪ್ರಶ್ನೆ ಹಾಗಲ್ಲ. ಅದು ದೊಡ್ಡಪ್ಪನಿಗೂ ಅರ್ಥ ಆಗುತ್ತೆ. ಯಾಕಂದ್ರೆ ಅದು ತಗಡಿನ ಪ್ರಶ್ನೆ.

ಒಂದು ಎ4 ಹಾಳೆ ತಗೊಳ್ಳಿ. ನೀರಿನ ಬಾಟಲಿಗೆ ಸುತ್ತಿ. ಸಲೀಸಾಗಿ ಕೂರುತ್ತೆ. ಅದೇ ಹಾಳೆಯನ್ನು ತೆಂಗಿನಕಾಯಿಗೆ ಸುತ್ತಿ. ಎಲ್ಲೋ ಒಂದು ಕಡೆ ನಿರಿಗೆ ಬೀಳುತ್ತೆ, ಇಲ್ಲಾ ಹರಿಯುತ್ತೆ. ಒಂದೇ ದಿಕ್ಕಿಗೆ ಬಾಗಿದ ಮೈಗೆ ಚಪ್ಪಟೆ ಹಾಳೆ ಒಗ್ಗುತ್ತೆ. ಎರಡು ದಿಕ್ಕಿಗೂ ಬಾಗಿದ ಮೈಗೆ ಒಗ್ಗಲ್ಲ. ತಗಡಿಗೂ ಅದೇ ನಿಯಮ. ಒಗ್ಗಿಸಬೇಕು ಅಂದ್ರೆ ಮೂರೇ ದಾರಿ: ಎಲ್ಲಿ ಸಾಲದೋ ಅಲ್ಲಿ ಹಿಗ್ಗಿಸಬೇಕು, ಎಲ್ಲಿ ಹೆಚ್ಚಾಯ್ತೋ ಅಲ್ಲಿ ಕುಗ್ಗಿಸಬೇಕು, ಇಲ್ಲಾ ತುಂಡು ತುಂಡು ಮಾಡಿ ಜೋಡಿಸಬೇಕು.

ನಮ್ಮ ಕಡೆಯವರಿಗೆ ಇದು ಹೊಸ ಪಾಠ ಅಲ್ಲ. ತೋಟಕ್ಕೆ ಹೋಗುವವರ ಹಾಳೆ ಟೊಪ್ಪಿ ನೋಡಿ. ಅಡಿಕೆ ಹಾಳೆ ಚಪ್ಪಟೆ, ತಲೆ ಗುಂಡು. ಹಾಗಾಗಿ ಟೊಪ್ಪಿಯಲ್ಲಿ ಮಡಿಕೆ ಇದೆ, ಹೊಲಿಗೆ ಇದೆ. ಹಾಳೆ ತಟ್ಟೆಯಲ್ಲಿ ಮಡಿಕೆ ಇಲ್ಲ. ತೀರ್ಥಹಳ್ಳಿ ಕಡೆ ತಟ್ಟೆ ಮಾಡುವಲ್ಲಿ ಒಮ್ಮೆ ನಿಂತು ನೋಡಿ: ಹಾಳೆಯನ್ನು ನೀರಲ್ಲಿ ನೆನೆಸಿ, ಬಿಸಿ ಅಚ್ಚಿನ ನಡುವೆ ಇಟ್ಟು ಒತ್ತುತ್ತಾರೆ. ಮೆದುವಾದ ಹಾಳೆ ಅಚ್ಚಿನ ಆಕಾರಕ್ಕೆ ಇಳಿದು, ಒಣಗಿ, ಅದೇ ಆಕಾರದಲ್ಲಿ ನಿಲ್ಲುತ್ತೆ. ನೆನೆಸದೆ ಒತ್ತಿದರೆ ಸೀಳುತ್ತೆ. ಅಡಿಕೆ ಬೇಯಿಸುವ ತಾಮ್ರದ ಹಂಡೆ ಮಾಡುವವರದ್ದೂ ಇದೇ ಕತೆ. ತಾಮ್ರವನ್ನು ಬಡಿದಷ್ಟೂ ಅದು ಗಡುಸಾಗುತ್ತೆ. ಹಟ ಹಿಡಿದು ಬಡಿದರೆ ಬಿರುಕು. ಆಗಾಗ ಕೆಂಪಗೆ ಕಾಯಿಸಿ ಮೆದು ಮಾಡಿಕೊಂಡು ಮತ್ತೆ ಬಡಿಯಬೇಕು.

ಈಗ ವಿಮಾನದ ಮೈಗೆ ಬನ್ನಿ. ಮನೆಯಲ್ಲಿ ಕಟ್ಟುವ ಸಣ್ಣ ಲೋಹದ ವಿಮಾನಗಳ ಹೊರಮೈ ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು. ಹೆಚ್ಚುಕಮ್ಮಿ ಕಾರಿನ ಬಾಗಿಲಿನ ತಗಡಿನಷ್ಟೇ. ಆದರೆ ಅದು ಪಾತ್ರೆ ಅಂಗಡಿಯ ಅಲ್ಯೂಮಿನಿಯಂ ಅಲ್ಲ. 2024 ಅನ್ನುವ ಬೆರಕೆ ಲೋಹ, ಅದರಲ್ಲಿ ಸುಮಾರು ನಾಲ್ಕೂವರೆ ಶೇಕಡ ತಾಮ್ರ. ಇದರ ಪೂರ್ವಜ ಡ್ಯುರಾಲ್ಯುಮಿನ್. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ತಾಮ್ರ ಬೆರೆತ ಅಲ್ಯೂಮಿನಿಯಂ ಕಾಯಿಸಿ ನೀರಿಗೆ ಹಾಕಿ, ಕೆಲವು ದಿನ ಬಿಟ್ಟು ಪರೀಕ್ಷೆ ಮಾಡಿದಾಗ ಅದು ತನ್ನಷ್ಟಕ್ಕೆ ಇನ್ನೂ ಗಟ್ಟಿಯಾಗಿತ್ತು. ವಿಮಾನದ ಇತಿಹಾಸದಲ್ಲಿ ಯಾವ ಮಹಾವಾಕ್ಯಕ್ಕಿಂತ ದೊಡ್ಡ ಸಂಗತಿ ಇದು. ಇವತ್ತಿಗೂ 2024ನ್ನು ಸುಮಾರು 495 ಡಿಗ್ರಿಗೆ ಕಾಯಿಸಿ ತಣ್ಣೀರಿಗೆ ಅದ್ದಿದರೆ ಸ್ವಲ್ಪ ಹೊತ್ತು ಮೆದುವಾಗಿರುತ್ತೆ, ನಾಲ್ಕು ದಿನದಲ್ಲಿ ಪೂರ್ತಿ ಬಲ ಬರುತ್ತೆ. ಆ ಲೋಹದ ರಿವೆಟ್‌ಗಳನ್ನು ಬೇಗ ಗಡುಸಾಗದಿರಲಿ ಅಂತ ಫ್ರೀಜರಿನಲ್ಲಿ ಇಡುತ್ತಾರೆ. ಹೌದು, ಐಸ್‌ಕ್ರೀಮಿನ ಹಾಗೆ.

ಇಂಥ ತಗಡನ್ನು ಹಂಡೆಯ ಹಾಗೆ ಬೆಂಕಿಗೆ ಹಿಡಿದು ಮೆದು ಮಾಡಬಹುದು. ಆದರೆ ಅಂದಾಜಿನ ಬೆಂಕಿಯಲ್ಲಿ ಅದರ ಬಲವೂ ಹೋಗುತ್ತೆ, ನೋಡಲು ಮಾತ್ರ ಹಾಗೇ ಇರುತ್ತೆ. ಅದಕ್ಕೇ ಬುದ್ಧಿವಂತ ವಿನ್ಯಾಸಕಾರರು ತೆಂಗಿನಕಾಯಿಯ ಸಹವಾಸವೇ ಬೇಡ ಅಂದರು. ಅಮೆರಿಕದ ಜಾನ್ ಥಾರ್ಪ್ 1960ರ ದಶಕದಲ್ಲಿ ಟಿ-18 ಅನ್ನುವ ಎರಡು ಸೀಟಿನ ವಿಮಾನವನ್ನು ಮನೆಯಲ್ಲಿ ಕಟ್ಟುವವರಿಗಾಗಿ ವಿನ್ಯಾಸ ಮಾಡಿದಾಗ, ಚಪ್ಪಟೆ ತಗಡನ್ನು ಒಂದೇ ದಿಕ್ಕಿಗೆ ಬಗ್ಗಿಸಿದರೆ ಸಾಕು ಅನ್ನುವ ಹಾಗೆ ಮೈ ರೂಪಿಸಿದ. ಆಮೇಲೆ ಬಂದ ವ್ಯಾನ್ಸ್ ಕಂಪನಿಯ ಆರ್‌ವಿ ವಿಮಾನಗಳಲ್ಲೂ ಮೂತಿ, ರೆಕ್ಕೆಯ ತುದಿಯಂಥ ಗುಂಡು ಜಾಗಗಳು ಫೈಬರ್‌ಗ್ಲಾಸ್. ಉಳಿದದ್ದು ಹೆಚ್ಚಾಗಿ ಬಾಟಲಿಗೆ ಸುತ್ತಿದ ಕಾಗದ. ಜನ ತಮ್ಮ ಗ್ಯಾರೇಜಿನಲ್ಲಿ ಕಟ್ಟಿ ಹಾರಿಸಿದ ಆರ್‌ವಿಗಳು 11,000 ದಾಟಿವೆ. ಆ ವಿಮಾನಗಳ ಸೊಗಸು ಇರೋದು ಅವರು ಏನನ್ನು ಮಾಡಲು ಹೋಗಲಿಲ್ಲವೋ ಅದರಲ್ಲಿ.

ಈಗ ‘ವೈಮಾನಿಕ ಶಾಸ್ತ್ರ’ವನ್ನು ಮತ್ತೆ ತೆಗೆಯಿರಿ. ಊಷ್ಮಪ ಎಂಬ ಶಾಖ ಹೀರುವ ಲೋಹಗಳು 16 ಬಗೆ. ಮೂಷೆ, ಕುಲುಮೆ, ತಿದಿಗಳಲ್ಲಿ ನೂರಾರು ಬಗೆ. ಪಟ್ಟಿ ಓದುತ್ತಿದ್ದರೆ ಮದುವೆ ಮನೆಯ ಅಡಿಗೆ ಪಟ್ಟಿಯ ಹಾಗೆ ಹೊಟ್ಟೆ ತುಂಬುತ್ತೆ. ಆದರೆ ಇಂಗ್ಲಿಷ್ ಅನುವಾದವನ್ನು ನಾನು ಓದಿದಾಗ ಹುಡುಕಿದ್ದು ಒಂದೇ: ಇಷ್ಟೆಲ್ಲ ಲೋಹ ಕರಗಿಸಿ ತಗಡು ಮಾಡಿದ ಮೇಲೆ, ಅದನ್ನು ಆ ಗೋಪುರದ ಮೈಗೆ ಕೂರಿಸಿದ್ದು ಹೇಗೆ? ನಿರಿಗೆ ಎಲ್ಲಿ ಬಿತ್ತು? ಯಾವ ತಗಡು ಒಡೆಯಿತು, ಆಮೇಲೆ ಏನು ಮಾಡಿದರು? ಆ ಪುಸ್ತಕದಲ್ಲಿ ಏನೂ ಒಡೆಯುವುದಿಲ್ಲ. ಕೈಯಿಂದ ಕೆಲಸ ಮಾಡಿದವನ ಬರಹದಲ್ಲಿ ‘ಹೀಗೆ ಮಾಡಬೇಡ’ ಅನ್ನುವ ಸಾಲು ಇದ್ದೇ ಇರುತ್ತೆ, ಅವನ ಬೆರಳಿಗೆ ಪೆಟ್ಟು ಬಿದ್ದಿರುತ್ತಲ್ಲ. ಇಲ್ಲಿ ಪೆಟ್ಟೇ ಇಲ್ಲ. ಆಚಾರ್ರು ಜಾಯಿಂಟ್ ಕೇಳಿದ್ದು ಇದನ್ನೇ.

ಸುಬ್ಬರಾಯ ಶಾಸ್ತ್ರಿಗಳ ಮೇಲೆ ನನಗೆ ಸಿಟ್ಟಿಲ್ಲ. ವಿಮಾನ ಅನ್ನುವುದು ಜಗತ್ತಿಗೇ ಹೊಸದಾಗಿದ್ದ ಕಾಲದಲ್ಲಿ ಅವರು ತಮಗೆ ಗೊತ್ತಿದ್ದ ಭಾಷೆಯಲ್ಲಿ ಅದನ್ನು ಕಲ್ಪಿಸಿಕೊಂಡರು. ಕಲ್ಪನೆಯಾಗಿ ಓದಿದರೆ ಪುಸ್ತಕ ರಂಜನೆಯೇ. ತೊಂದರೆ ಇರೋದು ಅದನ್ನು ಕೈಪಿಡಿ ಅಂತ ಹಂಚುವ ನಮ್ಮಲ್ಲಿ. ಟಿಂಕರಿಂಗ್ ಭಾಷೆಯಲ್ಲಿ ಹೇಳೋದಾದ್ರೆ ನಾವು ಪುಟ್ಟಿ ಹಾಕುವವರು. ಬಾಗಿಲು ನುಗ್ಗಾದರೆ ಬಡಿದು ಸರಿ ಮಾಡಬಹುದು. ಇಲ್ಲಾ ತಗ್ಗಿಗೆ ಪುಟ್ಟಿ ತುಂಬಿ, ಉಜ್ಜಿ, ಪೇಂಟ್ ಹೊಡೆಯಬಹುದು. ಹೊರಗಿಂದ ಎರಡೂ ಒಂದೇ. ಕಾರಿಗೆ ನಡೆಯುತ್ತೆ. ವಿಮಾನಕ್ಕೆ ನಡೆಯಲ್ಲ, ಯಾಕಂದ್ರೆ ಅಲ್ಲಿ ಹೊರಮೈ ಅಂದ್ರೆ ಬರೀ ಹೊದಿಕೆ ಅಲ್ಲ, ಮೊಟ್ಟೆಯ ಚಿಪ್ಪಿನ ಹಾಗೆ ಭಾರ ಹೊರೋದೇ ಅದು.

ಆ ಮೈಯಲ್ಲಿ ಜಾಯಿಂಟ್ ಎಷ್ಟು ಮುಖ್ಯ ಅನ್ನೋದಕ್ಕೆ ಒಂದು ಉದಾಹರಣೆ ಸಾಕು. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಚಾವಣಿ 24,000 ಅಡಿ ಎತ್ತರದಲ್ಲಿ ಸುಮಾರು 18 ಅಡಿ ಉದ್ದಕ್ಕೆ ಕಿತ್ತು ಹೋಯಿತು. ಒಬ್ಬ ಗಗನಸಖಿ ಸತ್ತರು. ಕಾರಣ, ಒಂದರ ಮೇಲೊಂದು ಕೂತ ಎರಡು ತಗಡುಗಳ ಜೋಡಣೆ ಸಡಿಲಾಗಿ, ರಿವೆಟ್ ತೂತುಗಳ ಸುತ್ತ ಬೆಳೆದ ಸಣ್ಣ ಸಣ್ಣ ಬಿರುಕು. ತಗಡಿನ ಅಂಚಿನಿಂದ ರಿವೆಟ್ ಎಷ್ಟು ದೂರ ಇರಬೇಕು, ತೂತಿನ ಬಾಯಿ ಎಷ್ಟು ನುಣುಪಾಗಿರಬೇಕು ಅಂತ ಮನೆಯಲ್ಲಿ ವಿಮಾನ ಕಟ್ಟುವವರು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳೋದು ಸುಮ್ಮನೆ ಅಲ್ಲ. 2023ರಲ್ಲಿ ವ್ಯಾನ್ಸ್ ಕಂಪನಿಯ ಕೆಲವು ಭಾಗಗಳಲ್ಲೇ ಲೇಸರಿನಿಂದ ಕೊರೆದ ತೂತುಗಳ ಅಂಚಲ್ಲಿ ಬಿರುಕು ಕಂಡಿತು. ಕಂಪನಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡಿತು, ಪರೀಕ್ಷೆ ನಡೆಸಿತು, ಬದಲಿ ಭಾಗ ಕೊಡಬೇಕಾಯಿತು. ಆ ವರ್ಷದ ಕೊನೆಗೆ ದಿವಾಳಿ ರಕ್ಷಣೆ ಕೇಳಿ ಕೋರ್ಟಿಗೂ ಹೋಯಿತು. ತಪ್ಪು ತೋರಿಸಿಕೊಳ್ಳುವುದು ದುಬಾರಿ ವ್ಯವಹಾರ. ಆದರೂ ಹಾರುವ ವಸ್ತುವಿಗೆ ಬೇರೆ ದಾರಿ ಇಲ್ಲ.

ಹೆಮ್ಮೆಯೇ ಬೇಕಾದರೆ ನಮ್ಮಲ್ಲಿ ತಗಡಿನ ಹೆಮ್ಮೆಗೇನು ಬರವೇ? 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಮರುವರ್ಷವೇ ಅಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. ಯುದ್ಧ ಮುಗಿದು ಕೆಲಸ ಕಡಿಮೆಯಾದಾಗ ಅದೇ ಕಾರ್ಖಾನೆಯಲ್ಲಿ ರೈಲು ಬೋಗಿಗಳು ತಯಾರಾದವು. 1951ರಲ್ಲಿ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ಹಾರಿತು. ಪೂರ್ತಿ ಲೋಹದ ಮೈ, ಇಲ್ಲೇ ಯೋಚಿಸಿ ಇಲ್ಲೇ ಕಟ್ಟಿದ್ದು. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಹಾರಲು ಕಲಿತದ್ದು ಅದರಲ್ಲಿ. ನನ್ನ ಫ್ಯಾಮಿಲಿ ಗ್ರೂಪಿಗೆ ಎಚ್‌ಟಿ-2 ಚಿತ್ರ ಒಂದೇ ಒಂದು ಸಲವೂ ಬಂದಿಲ್ಲ. ಅದರ ರಿವೆಟ್ ಹೊಡೆದವರ ಹೆಸರಂತೂ ಕೇಳಲೇಬೇಡಿ. ಋಷಿಯ ಹೆಸರಿದ್ದರೆ ಫಾರ್ವರ್ಡ್, ಫಿಟ್ಟರಿನ ಹೆಸರಿದ್ದರೆ ಸ್ಕ್ರೋಲ್.

ಇಲ್ಲಿಗೆ ಬಿಟ್ಟಿದ್ದರೆ ಇದು ಇನ್ನೊಂದು ಬೈಗುಳದ ಬರಹ ಆಗ್ತಿತ್ತು. ಆದರೆ ಅವತ್ತು ಶಾಪಿನಲ್ಲಿ ಇನ್ನೊಬ್ಬ ಇದ್ದ. ಆಚಾರ್ರ ಮೊಮ್ಮಗ. ಡಿಪ್ಲೊಮಾ ಓದುವ ಹುಡುಗ. ಅವನ ಒಂದು ರೀಲ್ ನಮ್ಮ ಕಡೆ ಚೆನ್ನಾಗಿ ಓಡಿತ್ತು. ಚಾವಣಿಗೆ ಹಾಕುವ ಅಲ್ಯೂಮಿನಿಯಂ ಶೀಟು, ಪಾಪ್ ರಿವೆಟ್, ಬೈಕಿನ ಎಂಜಿನ್. ಒಬ್ಬ ಕೂರುವಷ್ಟು ಜಾಗ. ‘ಮಲೆನಾಡ ಹುಡುಗನ ಸ್ವಂತ ವಿಮಾನ’ ಅಂತ ಯಾರೋ ಮೈಕ್ ಹಿಡಿದು ಹೋಗಿ ಬಂದಿದ್ದರು. ಬೆಂಗಳೂರಲ್ಲಿ ಮೆಟ್ರೋದಲ್ಲಿ ನಿಂತುಕೊಂಡೇ ನಾನೂ ಅದಕ್ಕೆ ಬೆಂಕಿ ಇಮೋಜಿ ಹಾಕಿ, ನಮ್ಮೂರು ಅಂತ ಸ್ಟೇಟಸ್ ಇಟ್ಟಿದ್ದೆ. ರಿವೆಟ್ ನೋಡಿರಲಿಲ್ಲ. ಅಂದ್ರೆ ದೊಡ್ಡಪ್ಪ ರುಕ್ಮ ವಿಮಾನಕ್ಕೆ ಮಾಡಿದ್ದನ್ನೇ ನಾನು ಇವನಿಗೆ ಮಾಡಿದ್ದೆ.

ಇದು ತಮಾಷೆ ಅಲ್ಲ. 2021ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯಲ್ಲಿ ವೆಲ್ಡಿಂಗ್ ಕೆಲಸದ 24 ವರ್ಷದ ಹುಡುಗ ತಾನೇ ಕಟ್ಟಿದ ಹೆಲಿಕಾಪ್ಟರನ್ನು ನೆಲದ ಮೇಲೆ ಪರೀಕ್ಷೆ ಮಾಡುವಾಗ ರೆಕ್ಕೆ ತುಂಡಾಗಿ ತಲೆಗೆ ಪೆಟ್ಟು ಬಿದ್ದು ಸತ್ತ. ಪ್ರತಿಭೆಗೆ ಕೊರತೆ ಇರಲಿಲ್ಲ, ಹೊಗಳುವವರಿಗಂತೂ ಇರಲೇ ಇಲ್ಲ. ಅವನಿಗೆ ಸಿಗದೇ ಹೋದದ್ದು, ಕೆಲಸ ಗೊತ್ತಿದ್ದು ‘ಇದು ಸರಿ ಇಲ್ಲ’ ಅನ್ನುವ ಒಬ್ಬ ಮನುಷ್ಯ. ಮುಂಬೈಯಲ್ಲಿ ಅಮೋಲ್ ಯಾದವ್ ತಮ್ಮ ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿ, ಅದಕ್ಕೆ 2017ರಲ್ಲಿ ಸರ್ಕಾರದ ನೋಂದಣಿ ಪಡೆಯುವವರೆಗೆ ವರ್ಷಗಟ್ಟಲೆ ಓಡಾಡಿದರು. ಅವರು ಸ್ವತಃ ಪೈಲಟ್. ಆ ಓಡಾಟವನ್ನು ನಾವು ಬರೀ ಕೆಂಪುಪಟ್ಟಿ ಅಂತ ಓದುತ್ತೇವೆ. ಅದರಲ್ಲಿ ಕೆಂಪುಪಟ್ಟಿ ಇತ್ತು, ಸುಳ್ಳಲ್ಲ. ಆದರೆ ಯಾರಾದರೂ ಬಂದು ಜಾಯಿಂಟ್ ತೋರಿಸು ಅಂತ ಕೇಳುವುದು ಕೂಡ ಅದರಲ್ಲೇ ಇರುತ್ತೆ.

ಹುಡುಗ ಅವತ್ತು ಅಜ್ಜನಿಗೆ ಹೊಸದೊಂದು ತುಂಡು ತಂದು ತೋರಿಸಿದ. ಸುಮಾರು ಎರಡಡಿ ತಗಡು, ಒಂದೇ ದಿಕ್ಕಿಗೆ ಬಗ್ಗಿಸಿ ಒಳಗಿನ ಪಟ್ಟಿಗಳಿಗೆ ರಿವೆಟ್ ಹೊಡೆದದ್ದು. ನನ್ನ ಕಣ್ಣಿಗೆ ಅಪ್ಪಟ ವಿಮಾನ. ಆಚಾರ್ರು ಕೈ ಒರೆಸಿಕೊಂಡು, ತುಂಡನ್ನು ಬಾಗಿಲ ಬೆಳಕಿಗೆ ಓರೆ ಹಿಡಿದು ನೋಡಿದರು. ಬೆಳಕಿನ ಗೆರೆ ಎರಡು ಕಡೆ ವಾಲಿತ್ತು. ಆಮೇಲೆ ನಡುವೆ ಹೆಬ್ಬೆರಳು ಒತ್ತಿದರು. ಟಕ್. ಬಿಟ್ಟರು. ಟಕ್. ಎಣ್ಣೆ ಡಬ್ಬಿಯ ತಳ ಒತ್ತಿದ ಹಾಗೆ. ತಗಡು ಎಲ್ಲೋ ಹಿಗ್ಗಿ, ಒಳಗೆ ಕೂರಲಾರದೆ ಆ ಕಡೆ ಈ ಕಡೆ ನೆಗೆಯುತ್ತಿತ್ತು. ಹಾರಾಟದಲ್ಲಿ ಪ್ರತಿ ನಡುಕಕ್ಕೂ ಹೀಗೆ ಟಕ್ ಟಕ್ ಅಂದರೆ, ಒಂದು ದಿನ ರಿವೆಟ್ ಪಕ್ಕ ಬಿರುಕು.

“ಎಂತಕ್ಕೆ ಹೀಗಾತು ಹೇಳು,” ಅಂದರು.

ಹುಡುಗ ಸ್ವಲ್ಪ ಹೊತ್ತು ನೋಡಿ, “ಎರಡೂ ತುದಿ ಮೊದಲೇ ಹೊಡೆದುಬಿಟ್ಟೆ. ನಡು ಆಮೇಲೆ,” ಅಂದ.

“ಮತ್ತೆ? ಹೆಚ್ಚಾದ ತಗಡು ಎಲ್ಲಿಗೆ ಹೋಗ್ಬೇಕು? ನಡುವಿಂದ ತುದಿಗೆ ಬಾ. ಇದನ್ನ ಗುಜರಿಗೆ ಹಾಕು, ಇನ್ನೊಂದು ಮಾಡು.”

ಹುಡುಗನ ಮುಖ ಬಾಡಿತು. ಮೂರು ದಿನದ ಕೆಲಸ ಅಂತೆ. ನಾನು ಪೇಟೆಯವನ ಔದಾರ್ಯದಲ್ಲಿ, “ಪರವಾಗಿಲ್ಲ ಆಚಾರ್ರೆ, ಇಷ್ಟು ಮಾಡಿದ್ದೇ ದೊಡ್ಡದಲ್ವಾ,” ಅಂದೆ. ಅವರು ನನ್ನ ಕಡೆ ತಿರುಗಿ, “ತಮ್ಮ, ನಿನ್ನ ಓಮ್ನಿ ಬಾಗಿಲಿಗೆ ಹಾಗಂದ್ರೆ ಸುಮ್ನಿರ್ತೀನಿ. ಇವನು ಇದರ ಮೇಲೆ ಕೂತು ಹಾರ್ತೀನಿ ಅಂತಾನೆ. ಇವನು ನನ್ನ ಮೊಮ್ಮಗ,” ಅಂದರು.

2023ರ ಆಗಸ್ಟ್ 31ರಿಂದ ಶಿವಮೊಗ್ಗದ ಸೋಗಾನೆಗೆ ಬೆಂಗಳೂರಿನಿಂದ ವಿಮಾನ ಬರುತ್ತೆ. ವಾಪಸ್ ಹೋಗುವ ದಿನ ನಾನು ಅಲ್ಲಿಂದಲೇ ಹತ್ತಿದೆ. ಎಟಿಆರ್ ವಿಮಾನದ ಮೆಟ್ಟಿಲ ಹತ್ತಿರ ಜನ ಸೆಲ್ಫಿ ತೆಗೆಯುತ್ತಿದ್ದರು. ನಾನು ಬಾಗಿಲ ಪಕ್ಕದ ತಗಡು ನೋಡುತ್ತ ನಿಂತೆ. ಸಾಲು ಸಾಲು ರಿವೆಟ್. ಒಂದರ ಅಂಚಿನ ಮೇಲೆ ಇನ್ನೊಂದು ತಗಡು. ಜಾಯಿಂಟ್ ಅಲ್ಲೇ ಇತ್ತು, ಎಲ್ಲರ ಕಣ್ಣೆದುರಿಗೆ. ಹಿಂದಿನವರು “ಮುಂದೆ ಹೋಗಿ ಸಾರ್” ಅಂದಾಗ ಒಳಗೆ ಹೋದೆ.

ಸೀಟಲ್ಲಿ ಕೂತು ಫೋನ್ ಆಫ್ ಮಾಡುವ ಮೊದಲು ಎರಡು ಕೆಲಸ ಮಾಡಿದೆ. ಫ್ಯಾಮಿಲಿ ಗ್ರೂಪಿಗೆ ಎಚ್‌ಟಿ-2 ಚಿತ್ರ ಹಾಕಿದೆ. ಆ ಹುಡುಗನಿಗೆ ಮೆಸೇಜ್ ಕಳಿಸಿದೆ: ಹೊಸ ತುಂಡು ಆದ ಮೇಲೆ ರೀಲ್ ಬೇಡ, ಹೆಬ್ಬೆರಳು ಒತ್ತಿ ಶಬ್ದ ಮಾತ್ರ ರೆಕಾರ್ಡ್ ಮಾಡಿ ಕಳಿಸು.

ಎರಡು ವಾರ ಬಿಟ್ಟು ಆಡಿಯೋ ಬಂತು. ಇಯರ್‌ಫೋನ್ ಹಾಕಿ ಕೇಳಿದೆ. ಟಕ್ ಅಂತು. ಕೆಳಗೆ ಬರೆದಿದ್ದ: ಇದನ್ನೂ ಗುಜರಿಗೆ ಹಾಕಿದೆ, ಮೂರನೇದು ಶುರು ಮಾಡಿದೀನಿ.

ಈ ಸಲ ನಾನು ಇಮೋಜಿ ಹಾಕಲಿಲ್ಲ. ನಡುವಿಂದ ಹೊಡೆದ್ಯಾ ಅಂತ ಕೇಳಿದೆ.